ರಾವ್ಡ್ನಾಳ ಸಣ್ಣ ಕಣ್ಣಿನ ಬಲೆ

ದೂರದ ಉತ್ತರದ ಹಿಮನಾಡಿನ ಗುಹ್ಕೆಸ್ಯಾವ್ರಿ ಸರೋವರದ ಟ್ರೌಟ್ ಮೀನುಗಳು ಅಂಗೈಗಿಂತ ಉದ್ದ ಬೆಳೆಯುವುದನ್ನು ನಿಲ್ಲಿಸಿ ವರ್ಷಗಳೇ ಕಳೆದಿದ್ದವು. ತಲೆ ದಪ್ಪ, ಮೈ ಬಡಕಲು, ಮಾಂಸ ಸಪ್ಪೆ. ಮೀನು ಚೇತರಿಸಿಕೊಳ್ಳಲಿ ಎಂದು ದಡದ ಮನೆಯವರೆಲ್ಲ ಬಲೆ ಹಾಕುವುದನ್ನೇ ಬಿಟ್ಟಿದ್ದರು. ಟ್ರೋಮ್ಸೊ ನಗರದ ವಿಶ್ವವಿದ್ಯಾಲಯದಲ್ಲಿ ಮೀನುಗಳ ಬಗ್ಗೆ ಓದಿ ಊರಿಗೆ ಮರಳಿದ ರಾವ್ಡ್ನಾ ಮಾಡಿದ್ದು ಅದಕ್ಕೆ ತದ್ವಿರುದ್ಧ. ಸಣ್ಣ ಕಣ್ಣಿನ ಬಲೆ ತಂದು ಆ ಬಡಕಲು ಮೀನುಗಳನ್ನೇ ಪೆಟ್ಟಿಗೆಗಟ್ಟಲೆ ಹಿಡಿಯತೊಡಗಿದಳು.

ಅವಳ ಚಿಕ್ಕಪ್ಪ ಇಸ್ಸಾತ್ ದೋಣಿಯ ಹತ್ತಿರವೇ ಬಂದು ನಿಂತ.

“ಮರಿಗಳನ್ನ ಬಾಚ್ತಾ ಇದ್ದೀಯಲ್ಲೇ, ನಾಚಿಕೆ ಆಗಲ್ವಾ?”

“ಮರಿ ಅಲ್ಲ ಚಿಕ್ಕಪ್ಪ, ಮುದುಕಿ ಇದು.” ಅವಳು ಒಂದರ ಹೊಟ್ಟೆ ಸೀಳಿ ತೋರಿಸಿದಳು. “ನೋಡು, ತುಂಬ ಮೊಟ್ಟೆ. ಮರಿ ಮೊಟ್ಟೆ ಇಡತ್ತಾ? ತೊರೆಗಳಲ್ಲಿ ವರ್ಷವರ್ಷವೂ ರಾಶಿ ರಾಶಿ ಹುಟ್ತಾವೆ. ಅಷ್ಟು ಬಾಯಿಗೆ ಹುಳ ಎಲ್ಲಿದೆ? ಹಸಿದೂ ಹಸಿದೂ ಇಷ್ಟೇ ಉಳಿದಿವೆ.”

“ಭಾರಿ ಓದಿದೋಳು! ನಿಮ್ಮಜ್ಜ ಓದದೇನೇ ಮೊಳದುದ್ದದ ಮೀನು ತರ್ತಿದ್ದ.”

“ಆಗ ಎಲ್ಲರ ಮನೆ ಬಲೆಯೂ ನೀರಲ್ಲಿರ್ತಿತ್ತು. ಮೀನು ಕಮ್ಮಿ, ಉಳಿದವಕ್ಕೆ ಹೊಟ್ಟೆ ತುಂಬ ಹುಳ. ಅದಕ್ಕೇ ತರ್ತಿದ್ದ!”

ಇಸ್ಸಾತ್ ಉಗುಳಿ ಹೊರಟುಹೋದ. ಮರುದಿನ ಬೆಳಿಗ್ಗೆ ಅವಳ ಬಲೆಗಳನ್ನು ಯಾರೋ ಕತ್ತರಿಸಿ ಬಾಗಿಲಲ್ಲಿ ಗುಡ್ಡೆ ಹಾಕಿದ್ದರು. ಸಿಟ್ಟಿಗೆ ಅಳು ಬಂತು. ಕಣ್ಣೊರೆಸಿಕೊಂಡು, ದಾರಿಯಲ್ಲಿ ಹೋಗುವವರೆಲ್ಲ ನೋಡಲಿ ಎಂದೇ ಮೆಟ್ಟಿಲ ಮೇಲೆ ಕೂತು ಬಲೆಗಳನ್ನು ಮತ್ತೆ ಹೆಣೆದಳು.

ಊರವರು ಸಭೆ ಸೇರಿ, ಇದನ್ನು ನಿಲ್ಲಿಸು ಎಂದರು.

“ಹರೀರಿ, ಹೆಣೀತೀನಿ. ಮತ್ತೆ ಹರೀರಿ, ಮತ್ತೆ ಹೆಣೀತೀನಿ. ಈ ನೀರು ನಂದೂ ಹೌದು,” ಎಂದಳು ರಾವ್ಡ್ನಾ.

ಹಾಗೆ ಅಂದರೂ ಒಳಗೊಳಗೇ ಅಳುಕಿತ್ತು. ಹೀಗೆ ಹಿಡಿದು ಹಿಡಿದೇ ಬೇರೆ ಸರೋವರದಲ್ಲಿ ಮೀನು ದೊಡ್ಡದಾದದ್ದನ್ನು ಓದಿದ್ದಳು; ಅಲ್ಲಿ ನಡೆದದ್ದು ಇಲ್ಲಿ ನಡೆಯದಿದ್ದರೆ? ಆದರೂ ಬೇಸಿಗೆಯಲ್ಲಿ ದೋಣಿಯಿಂದ, ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಹಿಡಿಯುತ್ತಲೇ ಹೋದಳು. ಹಿಡಿದದ್ದರಲ್ಲಿ ಹೆಚ್ಚಿನದು ನಾಯಿಗಳಿಗೆ ಹೋಗುತ್ತಿತ್ತು. “ನಾಯಿಗಳ ಅಡುಗೆಯವಳು ಬಂದಳು” ಎಂದು ಅಂಗಡಿಯಲ್ಲಿ ನಕ್ಕರೆ, “ನಿನಗೂ ಬಡಿಸಲಾ?” ಎನ್ನುತ್ತಿದ್ದಳು.

ಕೆಲವು ಬೇಸಿಗೆಗಳು ಕಳೆದವು. ಬಲೆಗೆ ಬೀಳುವ ಮೀನು ಕಡಿಮೆಯಾಯಿತು, ಬಿದ್ದದ್ದು ದಪ್ಪಗಾಯಿತು. ಒಂದು ದಿನ ಎರಡೂ ಕೈಯಲ್ಲಿ ಎತ್ತಬೇಕಾದಂಥ ಟ್ರೌಟ್ ಬಿತ್ತು. ಮಾಂಸ ಕೆಂಪಗಿತ್ತು. ಅದನ್ನು ಪಿತ್ತಜನಕಾಂಗದ ಸಮೇತ ಬೇಯಿಸಿ ಚಿಕ್ಕಪ್ಪನ ಮುಂದಿಟ್ಟಳು. ಅವನು ತಲೆಯ ಮೂಳೆಯನ್ನೂ ಬಿಡದೆ ಚೀಪಿದ.

“ಉಪ್ಪು ಕಮ್ಮಿ,” ಎಂದ. ಆಮೇಲೆ, “ದೊಡ್ಡ ಮೀನು ಬಂತಲ್ಲ, ಇನ್ನಾದ್ರೂ ನಿಲ್ಲಿಸು.”

“ನಿಲ್ಲಿಸಿದ್ರೆ ಮತ್ತೆ ತುಂಬ್ಕೊಂಡು ಮತ್ತೆ ಹಸೀತಾವೆ.”

“ಹಟಮಾರಿ.”

“ಹೌದು,” ಎಂದು ರಾವ್ಡ್ನಾ ಅವನ ಲೋಟಕ್ಕೆ ಕಾಫಿ ಸುರಿದಳು. “ನಾಳೆ ದೋಣಿಗೆ ಹುಟ್ಟು ಹಾಕೋಕೆ ಬರ್ತೀಯೋ, ದಡದಲ್ಲಿ ನಿಂತು ಬಯ್ತೀಯೋ?”