ಕೈಗೆ ಹಚ್ಚಿದ ಕೊಳೆ ಔಷಧಿ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದರಲ್ಲಿ ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹಾಗಾಗಿ ಕಳೆದ ಮಳೆಗಾಲದಲ್ಲಿ ಬೆರಳ ಸಂದುಗಳು ಬೆಳ್ಳಗೆ ಕೊಳೆತಾಗ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತ, ಸುಣ್ಣದ ನೀರು ಹಚ್ಚಿಕೊಂಡೆ.

"ಕೈಯೆಂತ ಅಡಿಕೆ ಗೊನೆಯಾ ಮಾರಾಯ್ರೆ?" ಎಂದು ಹೆಂಡತಿ ಗದರಿದಳು.

ಚರ್ಮ ಸುಟ್ಟು ಸುಲಿಯಿತು. ಕೊಳೆ ಮಾತ್ರ ಅಂಗೈಗೆ ಇಳಿಯಿತು. ಕೊಪ್ಪದಲ್ಲಿ ಯೀಸ್ಟ್ ಸೋಂಕಿನ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ನನ್ನ ಕೈಯ ಚರ್ಮ ಕೆರೆದು ತೆಗೆದು, ಆ ಸೋಂಕು ಯಾವ ಔಷಧಿಗೆ ಸಾಯುತ್ತದೆಂದು ನೋಡಲು ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ವಾರ ಬಿಟ್ಟು ತೋರಿಸಿದಾಗ, ನಡುವೆ ಇಟ್ಟಿದ್ದ ಔಷಧಿಯ ಬಿಲ್ಲೆಯನ್ನೂ ಮುಚ್ಚಿ ಬೆಳ್ಳಗೆ ಹಬ್ಬಿತ್ತು.

"ಇನ್ನೊಂದು ಔಷಧಿ ಇದೆ, ನೋಡೋಣ. ಅಲ್ಲೀವರೆಗೆ ಮರ ಹತ್ತಲೇಬೇಡಿ."

"ಅದಕ್ಕೂ ಸಾಯದಿದ್ರೆ?"

ಅವರು ನನ್ನ ಬಲಗೈ ತಿರುವಿ ನೋಡಿದರು. ನಡುಬೆರಳು ಆಗಲೇ ಮಡಚಲು ಬರುತ್ತಿರಲಿಲ್ಲ.