ಅರ್ಧ ಮೀಸೆಯ ಗಿರಾಕಿ

ರಿಟೈರಾದ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಕೆನಡಾದ ಸ್ಟೌಫ್‌ವಿಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಒಂದು ಪುಟ್ಟ ಊರು. ಅಲ್ಲಿನ ಹಳೆಯ ಫೈರ್ ಹಾಲ್ ಈಗ ಮ್ಯೂಸಿಯಂ. ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಅಲ್ಲಿ ಗೈಡ್ ಆದೆ. ಸಂಬಳವಿಲ್ಲ, ಆದರೆ ತಲೆಗೊಂದು ಕೆಂಪು ಹೆಲ್ಮೆಟ್ ಕೊಡುತ್ತಾರೆ. ಅದರಲ್ಲಿ ನನ್ನಷ್ಟು ಚಂದ ಕಾಣುವವರು ಇಡೀ ಒಂಟಾರಿಯೊದಲ್ಲಿ ಇರಲಿಲ್ಲ.

ಹೇಳಬೇಕಾದ ಚರಿತ್ರೆ ಚಿಕ್ಕದು. ಸಂಬಳದ ಫೈರ್‌ಮನ್‌ಗಳು ಬರುವ ಮುಂಚೆ, ಗಂಟೆ ಹೊಡೆದರೆ ಬೇಕರಿಯವನು, ಕ್ಷೌರಿಕ, ಮೇಷ್ಟ್ರು ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಓಡಿಬಂದು ಬೆಂಕಿ ಆರಿಸುತ್ತಿದ್ದರು. ಇಷ್ಟಕ್ಕೆ ಎರಡು ನಿಮಿಷ ಸಾಕು. ಟೂರ್ ಅರ್ಧ ಗಂಟೆ! ಉಳಿದದ್ದನ್ನು ನಾನೇ ತುಂಬಿಸಿದೆ. ಒಮ್ಮೆ ಕ್ಷೌರಿಕ ಕತ್ತಿ ಹಿಡಿದೇ ಓಡಿದನಂತೆ, ಅರ್ಧ ಮೀಸೆಯ ಗಿರಾಕಿ ಅವನ ಹಿಂದೆಯೇ ಓಡಿ ನೀರಿನ ಪೈಪು ಹಿಡಿದನಂತೆ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಮ್ಯೂಸಿಯಂ ನೋಡಿಕೊಳ್ಳುವ ಮೇಡಂಗೆ ಅನುಮಾನ ಬಂತು. "ಇದು ನಮ್ಮ ದಾಖಲೆಯಲ್ಲಿ ಎಲ್ಲೂ ಇಲ್ಲ. ಶನಿವಾರ ನಾನೇ ಬಂದು ಕೇಳ್ತೇನೆ. ಸುಳ್ಳಾದ್ರೆ ಹೆಲ್ಮೆಟ್ ವಾಪಸ್."

ಮನೆಯಲ್ಲಿ ಹೆಂಡತಿಗೆ ಖುಷಿಯೋ ಖುಷಿ.

"ನಲವತ್ತು ವರ್ಷದಲ್ಲಿ ನನ್ನಿಂದ ಆಗದ್ದು, ಆ ಲೇಡಿ ಒಂದೇ ಸಮ್ಮರಲ್ಲಿ ನಿಮ್ಮನ್ನು ಹಿಡಿದ್ರಲ್ಲ ಮಾರಾಯ್ರೆ!"

"ಹಿಡಿದದ್ದೆಲ್ಲಿ? ಶನಿವಾರ ನೋಡು ನನ್ನ ಪರ್ಫಾರ್ಮೆನ್ಸ್."

"ಸಾರಿ ಹೇಳಿ ಬನ್ನಿ ಸುಮ್ಮನೆ. ಹೆಲ್ಮೆಟ್ ಹೋದ್ರೆ ತಲೆಗೆ ಹಾಕ್ಲಿಕ್ಕೆ ನನ್ನ ಅನ್ನದ ಪಾತ್ರೆ ಉಂಟು."

ಶನಿವಾರ ಮೇಡಂ ಮುಂದಿನ ಸಾಲಿನಲ್ಲೇ, ಪೆನ್ನು ಹಿಡಿದು ಕೂತಿದ್ದರು. ನಾನೂ ಹಟಕ್ಕೆ ಬಿದ್ದು ಮೀಸೆಯ ಕಥೆ ಹೇಳಿಯೇ ಬಿಟ್ಟೆ. ಹಿಂದಿನ ಸಾಲಿನಲ್ಲಿ ಊರುಗೋಲಿನ ಮುದುಕನೊಬ್ಬ ಕೈ ಎತ್ತಿದ.

"ಆ ಕ್ಷೌರಿಕ ನಾನೇ."

ಮೇಡಂ ತಿರುಗಿದರು. "ಹಾಗಾದ್ರೆ ಅರ್ಧ ಮೀಸೆ ನಿಜವಾ?"

"ಅರ್ಧ ಎಲ್ಲಿಂದ? ಉಳಿದದ್ದು ಕಾಲು ಭಾಗ. ಅದನ್ನೂ ಬೆಂಕಿಯೇ ಬೋಳಿಸಿತು."

ಹಾಲ್ ಹಾರಿಹೋಗುವಂತೆ ನಗು. ಮೇಡಂ ಅದನ್ನೂ ಬರೆದುಕೊಂಡರು!

ಹೊರಗೆ ಮುದುಕನ ಎರಡೂ ಕೈ ಹಿಡಿದುಕೊಂಡೆ. ಆತ ಕಣ್ಣು ಮಿಟುಕಿಸಿದ. "ನಾನು ಕ್ಷೌರಿಕ ಅಲ್ಲ, ಬೇಕರಿಯವನು. ಈಗೊಂದು ನಿಜ ಕೇಳು. ಒಮ್ಮೆ ಇದೇ ಹಾಲ್‌ನಲ್ಲಿ ಒಲೆ ಮೇಲೆ ಸಾಸೇಜ್ ಇಟ್ಟಿದ್ದೆವು. ಗಂಟೆ ಹೊಡೆಯಿತು, ಎಲ್ಲರೂ ಓಡಿದೆವು. ಯಾರದ್ದೋ ಕೊಟ್ಟಿಗೆಯ ಬೆಂಕಿ ಆರಿಸಿ ವಾಪಸ್ ಬಂದ್ರೆ, ನಮ್ಮ ಅಡುಗೆಮನೆಯೇ ಧಗಧಗ!"

ನನಗಿಂತ ದೊಡ್ಡ ಕಿಲಾಡಿಯನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಮುಂದಿನ ಶನಿವಾರ ಹೆಲ್ಮೆಟ್ ಸರಿಮಾಡಿಕೊಂಡು ಆ ಸಾಸೇಜಿನ ಕಥೆ ಹೇಳಿದೆ. ಗೈಡ್ ಆದಮೇಲೆ ನಾನು ಹೇಳಿದ ಮೊದಲ ಅಪ್ಪಟ ನಿಜ. ಟೂರ್ ಮುಗಿದದ್ದೇ ಮೇಡಂ ಪಕ್ಕಕ್ಕೆ ಕರೆದರು.

"ಮೀಸೆಯದ್ದು ಹೇಳಿ, ಚೆನ್ನಾಗಿದೆ. ಇಂಥ ಸುಳ್ಳೆಲ್ಲ ಸೇರಿಸಬೇಡಿ."

ಹೆಲ್ಮೆಟ್ ಮುಖ್ಯ. ನಿಜವನ್ನು ಅಲ್ಲಿಗೇ ಬಿಟ್ಟುಬಿಟ್ಟೆ.