ಮಾಚೇನಹಳ್ಳಿ ದಾಟುವ ತನಕ ಮಾತಾಡು

ಭದ್ರಾವತಿ ಬಸ್ ನಿಲ್ದಾಣದಲ್ಲಿ ಇನ್ನೂ ದೀಪ ಆರಿಲ್ಲ. ಶಿವಮೊಗ್ಗದ ಮೊದಲ ಬಸ್ಸಿನ ಕಿಟಕಿ ಪಕ್ಕ ಕೂತ ವಾದಿರಾಜ್ ಮೊಬೈಲನ್ನು ಕಿವಿಗೊತ್ತಿಕೊಂಡು, ‘ಮಾತಾಡ್ತಾ ಇರು, ನಿಲ್ಲಿಸ್ಬೇಡ’ ಎನ್ನುತ್ತಾರೆ. ಅತ್ತ ಜನ್ನಾಪುರದ ಮನೆಯಲ್ಲಿ ಹೆಂಡತಿ ಶಾಮಲಾ ಒಗ್ಗರಣೆ ಹಾಕುತ್ತಲೇ ಮಾತು ಮುಂದುವರಿಸುತ್ತಾರೆ. ಮನೆ ಬಿಟ್ಟ ಐದೇ ನಿಮಿಷಕ್ಕೆ ಹೆಂಡತಿ ನೆನಪಾಯಿತಾ ಮಾರಾಯ ಎಂದು ಕಂಡಕ್ಟರ್ ಭೂತಪ್ಪ ದಿನಾ ಕಾಲೆಳೆಯುತ್ತಾರೆ.

ಬಸ್ಸು ಓಡುತ್ತಿದ್ದಂತೆ ಫೋನನ್ನು ಒಂದು ಟವರ್ ಬಿಟ್ಟುಕೊಡಬೇಕು, ಮುಂದಿನದು ಹಿಡಿದುಕೊಳ್ಳಬೇಕು. ನಡುವೆ ಮಾತು ತುಂಡಾಗಬಾರದು. ಎಲ್ಲಿ ತುಂಡಾಗುತ್ತದೆಂದು ಓಡಾಡಿ ಕಂಪನಿಗೆ ತಿಳಿಸುವುದೇ 2003ರ ಈ ದಿನಗಳಲ್ಲಿ ವಾದಿರಾಜರ ಹೊಟ್ಟೆಪಾಡು. ಸಂಜೆಯ ಹೊತ್ತಿಗೆ ಕಿವಿ ಕೆಂಪಗೆ ಕಾದಿರುತ್ತದೆ.

ಆ ಕಡೆಯವರು ಸುಮ್ಮನಾದರೆ ಲೈನ್ ಇದೆಯೋ ಸತ್ತಿದೆಯೋ ತಿಳಿಯುವುದಿಲ್ಲ. ಹೋದ ತಿಂಗಳು ಶಾಮಲಾ ಮುನಿಸಿಕೊಂಡು ತುಟಿ ಬಿಚ್ಚಲಿಲ್ಲ. ಲೈನ್ ಹೋಯಿತೆಂದು ಇವರು ದೂರು ಕೊಟ್ಟರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇವರದು ಟವರ್ ಹತ್ತಿತು. ಮೆಕ್ಯಾನಿಕ್‌ಗಳು ಬೈದುಕೊಂಡು ಇಳಿದರು.

ಮುನಿಸಿಗೆ ಕಾರಣ ಇನ್ನೂ ಹಾಗೇ ಇದೆ. ಈ ರಸ್ತೆಯುದ್ದಕ್ಕೂ ಲೈನ್ ಸರಿಯಾದರೆ ವಾದಿರಾಜರನ್ನು ಹೊಸದುರ್ಗಕ್ಕೆ ಕಳಿಸುತ್ತಾರೆ. ಶಾಮಲಾ ಜನ್ನಾಪುರದ ಶಿಶುವಿಹಾರದಲ್ಲಿ ಟೀಚರ್. ಆ ಮಕ್ಕಳನ್ನು ಬಿಟ್ಟು ಬರುವುದಿಲ್ಲ ಎಂದುಬಿಟ್ಟಿದ್ದಾರೆ. ಮಾತು ತುಂಡಾಗುವ ಜಾಗ ಇನ್ನು ಉಳಿದಿರುವುದು ದಾರಿಯ ಮಾಚೇನಹಳ್ಳಿ ಒಂದೇ. ಇವತ್ತು ಅಲ್ಲಿಯೂ ಮಾತು ನಿಲ್ಲದಿದ್ದರೆ ಇಲ್ಲಿಯ ಕೆಲಸ ಮುಗಿಯುತ್ತದೆ.

‘ಕಟ್ಟಾಯ್ತು ಅಂತ ಒಂದು ಸುಳ್ಳು ಹೇಳಿದ್ರೆ ಸಾಕು ಸಾರ್, ಇನ್ನೊಂದಷ್ಟು ದಿನ ಇಲ್ಲೇ ಇರ್ತೀನಿ. ಇದೇ ಯೋಚನೇಲಿ ನಿದ್ದೇನೇ ಬರ್ಲಿಲ್ಲ’ ಎಂದು ಫೋನಿಗೆ ಕೈ ಅಡ್ಡ ಹಿಡಿದು ಪಕ್ಕದ ಸೀಟಿನಲ್ಲಿ ಕೂತ ನನಗೆ ಹೇಳುತ್ತಾರೆ.

ಮಾಚೇನಹಳ್ಳಿ ಬರುತ್ತದೆ. ವಾದಿರಾಜ್ ಏಳುತ್ತಾರೆ, ಕೂರುತ್ತಾರೆ, ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸುತ್ತಾರೆ. ಶಾಮಲಾ ಯಾವುದೋ ಮಗು ಸ್ಲೇಟು ಒಡೆದುಕೊಂಡು ಅತ್ತ ಕಥೆ ಹೇಳುತ್ತಿದ್ದಾರೆ. ಕಟ್ಟಾಗಲಪ್ಪ ಎಂದು ನನಗೇ ಅನ್ನಿಸಿಬಿಡುತ್ತದೆ. ಮುಂದಿನ ಊರು ನಿದಿಗೆ ದಾಟಿದರೂ ಕಥೆ ನಿಲ್ಲುವುದಿಲ್ಲ.

ಶಿವಮೊಗ್ಗದಲ್ಲಿ ಇಳಿದವರೇ ಕಂಪನಿಯ ಇಂಜಿನಿಯರ್ ಜನಾರ್ದನ ಅವರಿಗೆ ಫೋನ್ ಮಾಡುತ್ತಾರೆ. ‘ಸಾರ್, ಎಲ್ಲೂ ಕಟ್ಟಾಗ್ಲಿಲ್ಲ. ಲೈನ್ ಸರಿಯಾಗಿದೆ.’

ಯಾಕೆ ಹೀಗೆ ಮಾಡಿದಿರಿ ಎಂದು ಕೇಳುತ್ತೇನೆ. ‘ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸ್ಕೊಂಡು, ಕೇಳಿಸ್ಲಿಲ್ಲ ಅಂತ ಹೆಂಗ್ ಹೇಳ್ಲಿ?’

ಮತ್ತೆ ಮನೆಗೆ ಫೋನ್ ಮಾಡುತ್ತಾರೆ. ಸರಿ ಇದೆ ಅಂತ ಹೇಳಿಬಿಟ್ಟೆ ಎನ್ನುತ್ತಾರೆ. ಹಳೆಯ ಹ್ಯಾಂಡ್‌ಸೆಟ್ಟಿನಿಂದ ಶಾಮಲಾ ದನಿ ಪಕ್ಕದಲ್ಲಿರುವ ನನಗೂ ಕೇಳಿಸುತ್ತದೆ.

‘ಹೊಸದುರ್ಗದಲ್ಲೂ ಶಿಶುವಿಹಾರ ಇರತ್ತಲ್ವಾ? ಹೋದಾಗ ವಿಚಾರಿಸ್ಕೊಂಡು ಬನ್ನಿ.’